ಯಾರೂ ಒತ್ತದ ಲಿಂಕ್

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕಣ್ಣಾಸ್ಪತ್ರೆಯಿಂದ ಮಗನ ಫೋನಿಗೆ ಸಂದೇಶ ಬಂತು: ‘ನೀವು ಕೋರಿದಂತೆ ಇಂದಿನ ಶಸ್ತ್ರಚಿಕಿತ್ಸೆಯನ್ನು ರದ್ದು ಮಾಡಲಾಗಿದೆ.’

ಮಗ ಅದನ್ನು ಓದಿದಾಗ ಅವನ ಒಂದು ಕಾಲಿಗೆ ಮಾತ್ರ ಬೂಟು ಇತ್ತು. ಅವನು ಲಿಫ್ಟ್ ರಿಪೇರಿ ಮಾಡುವವನು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದು ಆ ದಿನ ರಜೆ ಹಾಕಿ, ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬರಲು ಹೊರಟಿದ್ದ. ಇನ್ನೊಂದು ಬೂಟನ್ನು ಅಲ್ಲೇ ಬಿಟ್ಟು ಕುಂಟುತ್ತಾ ಒಳಗೆ ಬಂದ.

“ಅಮ್ಮಾ, ಮತ್ತೆ ಶುರು ಮಾಡಿದ್ಯಾ?”

ತಾಯಿ ಊಟದ ಮೇಜಿನ ಮುಂದೆ ಕುಳಿತು ಫೋನಿನಲ್ಲಿ ರೇಡಿಯೋ ವಾರ್ತೆ ಕೇಳುತ್ತಿದ್ದರು. ಆಸ್ಪತ್ರೆಗೆಂದು ತೆಗೆದಿಟ್ಟ ಸೀರೆ ಆಗಲೇ ಉಟ್ಟಾಗಿತ್ತು. ಪಕ್ಕದಲ್ಲಿ ಚೀಲವೂ ಸಿದ್ಧವಿತ್ತು.

“ಏನು ಶುರು ಮಾಡ್ದೆ?”

“ಆಪರೇಷನ್ ರದ್ದು ಮಾಡಿಸಿದ್ದೀಯಲ್ಲ!”

“ನಾನಾ? ಯಾವಾಗ?”

“ನನ್ನನ್ನ ಕೇಳ್ತೀಯಾ? ಬೆಳಿಗ್ಗೆ ಆರಕ್ಕೆ ಎದ್ದು ಫೋನ್ ಹಿಡ್ಕೊಂಡು ಕೂತಿದ್ದು ಯಾರು?”

ಮಗನ ಅನುಮಾನಕ್ಕೆ ಆಧಾರ ಇಲ್ಲದಿರಲಿಲ್ಲ. ತಾಯಿಯ ಬಲಗಣ್ಣಿನ ಕಾರ್ನಿಯಾ, ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಹಳೆಯ ಸೋಂಕೊಂದರಿಂದ ಹಾಲಿನ ಗಾಜಿನಂತಾಗಿತ್ತು. ಎಡಗಣ್ಣಿಗೆ ವಸ್ತುಗಳ ಅಂಚು ಮಾತ್ರ ತಿಳಿಯುತ್ತಿತ್ತು. ದಾನಿಯ ಕಾರ್ನಿಯಾಕ್ಕಾಗಿ ಹೆಸರು ಬರೆಸಿ ಎರಡು ವರ್ಷ ಕಾದ ಮೇಲೆ ಒಮ್ಮೆ ಸರದಿ ಬಂದಿತ್ತು. ಆಗ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಕಾರಿನಿಂದ ಇಳಿಯದೆ, “ಗಾಡಿ ತಿರುಗಿಸು” ಎಂದಿದ್ದರು. ಆ ಕಾರ್ನಿಯಾ ಬೇರೆಯವರ ಪಾಲಾಯಿತು. ಈಗ ಎರಡನೆಯದು ಬಂದಿತ್ತು. ಇಂದು ಮಧ್ಯಾಹ್ನ ಹೊಲಿಗೆ ಹಾಕದಿದ್ದರೆ ಇದೂ ಸರದಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು. ಮೂರನೆಯ ಸಲ ಕರೆಯುವ ಭರವಸೆಯನ್ನು ವೈದ್ಯರು ಕೊಟ್ಟಿರಲಿಲ್ಲ.

ಸದ್ದು ಕೇಳಿ ಸೊಸೆ ಅಡುಗೆಮನೆಯಿಂದ ಬಂದಳು. ಅವಳು ಮನೆಯಲ್ಲೇ ಕುಳಿತು ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವವಳು. ಈ ಕಣ್ಣಾಸ್ಪತ್ರೆಯ ಕೆಲಸವೂ ಅವಳದ್ದೇ. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಆರು ಗಂಟೆಗೆ ರೋಗಿಗೊಂದು ಇಮೇಲ್ ಹೋಗುತ್ತದೆ. ಅದರಲ್ಲಿ ಎರಡು ಲಿಂಕ್, ಒಂದು ‘ಬರುತ್ತೇನೆ’, ಇನ್ನೊಂದು ‘ಬರುವುದಿಲ್ಲ’. ಯಾವುದನ್ನು ಒತ್ತಿದರೆ ಅದು ದಾಖಲಾಗುತ್ತದೆ. ಆಸ್ಪತ್ರೆಯವರು ಒಬ್ಬೊಬ್ಬರಿಗೂ ಫೋನ್ ಮಾಡುವ ಕಷ್ಟ ತಪ್ಪಿತೆಂದು ಹೊಗಳಿದ್ದರು.

“ಅತ್ತೆ, ಫೋನಿನಿಂದ ಮೇಲ್ ಓದಿಸಿ ಕೇಳಿಸಿಕೊಳ್ಳುವಾಗ ಗೊತ್ತಿಲ್ಲದೆ ಬೆರಳು ತಾಗಿತೇನೋ,” ಎಂದಳು ಸೊಸೆ, ಮೆತ್ತಗೆ.

“ತಾಗಿಲ್ಲ. ನಾನು ಮೇಲ್ ತೆಗೆದೇ ಇಲ್ಲ. ಆರು ಗಂಟೆಗೆ ವಾರ್ತೆ ಹಾಕ್ಕೊಳ್ಳೋಕೆ ಫೋನ್ ಹಿಡಿದಿದ್ದೆ.”

“ಒತ್ತದೆ ರದ್ದಾಗಲ್ಲ ಅತ್ತೆ. ಅದನ್ನ ಬರೆದೋಳು ನಾನೇ ಅಲ್ವಾ?”

ಅತ್ತೆ ರೇಡಿಯೋ ಆರಿಸಿದರು. ಅವರು ವಿಮೆ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಪರಿಹಾರದ ಅರ್ಜಿಗಳನ್ನು ಪರಿಶೀಲಿಸಿದವರು. ಸುಳ್ಳು ಅರ್ಜಿಯ ವಾಸನೆ ಹಿಡಿಯುತ್ತಾರೆಂದು ಕಚೇರಿಯಲ್ಲಿ ಅವರಿಗೆ ‘ಭೂತಗನ್ನಡಿ’ ಎಂಬ ಅಡ್ಡಹೆಸರಿತ್ತು. ಸುಳ್ಳು ಹೇಳುತ್ತಿದ್ದೀರಿ ಎಂದು ಅವರಿಗೇ ಯಾರೂ ಇದುವರೆಗೆ ಹೇಳಿರಲಿಲ್ಲ.

“ಸರಿ. ಮಗ ಹೇಳ್ತಾನೆ ಒತ್ತಿದ್ದೀನಿ ಅಂತ, ಸೊಸೆ ಹೇಳ್ತಾಳೆ ಒತ್ತಿದ್ದೀನಿ ಅಂತ. ಹಾಗಾದ್ರೆ ಒತ್ತಿದ್ದೀನಿ. ಹಾಗೇ ಬರ್ಕೊಳ್ಳಿ.” ಅವರು ಎದ್ದು, ಗೋಡೆ ಸವರಿಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಮುಚ್ಚಿತು.

ಮಗ ಆಸ್ಪತ್ರೆಗೆ ಫೋನ್ ಮಾಡಿದ. ಎತ್ತಿದವರು ಶಸ್ತ್ರಚಿಕಿತ್ಸೆಯ ಸರದಿ ನೋಡಿಕೊಳ್ಳುವ ಮಹಿಳೆ. ಎಲ್ಲವನ್ನೂ ಗಂಟೆಗೆ ಸರಿಯಾಗಿ ಮಾಡುವುದರಿಂದ ಅವರನ್ನು ಎಲ್ಲರೂ ‘ಗಡಿಯಾರ ಮೇಡಂ’ ಎನ್ನುತ್ತಿದ್ದರು.

“ನಾವು ಬರ್ತೀವಿ ಮೇಡಂ. ಅಮ್ಮ ಏನೋ ಗಾಬರಿಯಲ್ಲಿ ಒತ್ತಿಬಿಟ್ಟಿದಾರೆ.”

“ನೀವು ಬರೋದು ಮುಖ್ಯ ಅಲ್ಲ ಸರ್, ಅವರು ಬರೋದು ಮುಖ್ಯ. ಬೇಡ ಅಂದವರನ್ನ ಮನೆಯವರು ಎಳ್ಕೊಂಡು ಬಂದ್ರೆ ಡಾಕ್ಟರು ಕತ್ತರಿ ಹಿಡಿಯಲ್ಲ. ಹೋದ ಸಲ ಏನಾಯ್ತು ನೆನಪಿದೆಯಲ್ಲ? ಅವರಿಗೇ ಕೊಡಿ.”

ಮಗ ಬಾಗಿಲು ತಟ್ಟಿ ತೆರೆದು, ಸ್ಪೀಕರ್ ಹಾಕಿದ ಫೋನನ್ನು ಒಳಗೆ ಚಾಚಿದ.

“ಅಮ್ಮಾ, ನೀವೇ ರದ್ದು ಮಾಡಿದ್ರಾ?” ಗಡಿಯಾರ ಮೇಡಂ ಕೇಳಿದರು.

“ಮನೆಯವರೆಲ್ಲ ಹಾಗೇ ಅಂತಿದಾರೆ. ಹಾಗೇ ಇರಲಿ.”

“ನಿಮಗೆ ಆಪರೇಷನ್ ಬೇಕೋ ಬೇಡವೋ?”

“ನನ್ನ ಮಾತು ಯಾರಿಗೂ ಬೇಡವಾದ ಮೇಲೆ ನನಗೆ ಕಣ್ಣು ಕಟ್ಕೊಂಡು ಏನಾಗಬೇಕು?”

ಫೋನ್ ವಾಪಸು ಮಗನ ಕೈಗೆ ಬಂತು. “ಕೇಳಿದ್ರಲ್ಲ ಸರ್. ಒಂಬತ್ತು ಗಂಟೆವರೆಗೆ ಬೇರೆ ಯಾರಿಗೂ ಫೋನ್ ಮಾಡಲ್ಲ, ಅದು ನಮ್ಮ ನಿಯಮ. ಅಷ್ಟರೊಳಗೆ ಅವರು ಮನಸಾರೆ ‘ಬರ್ತೀನಿ’ ಅಂದ್ರೆ ಸರಿ. ಆಮೇಲೆ ನನ್ನ ಕೈಲಿಲ್ಲ.” ಇಡುವ ಮೊದಲು ಅವರು ಬೇಸರದಿಂದ ಇನ್ನೊಂದು ಮಾತು ಸೇರಿಸಿದರು. “ಇವತ್ತು ಯಾಕೋ ಎಲ್ಲರೂ ಹೀಗೇ. ಇನ್ನೂ ಇಬ್ಬರು ಬರಲ್ಲ ಅಂದಿದಾರೆ. ಒಬ್ಬರಂತೂ ಬೇಗ ದಿನ ಕೊಡಿ ಅಂತ ದಿನಾ ಬಂದು ಪ್ರಾಣ ತಿನ್ನುತ್ತಿದ್ದ ಮನುಷ್ಯ.”

ಆ ಕೊನೆಯ ಮಾತು ಸೊಸೆಯ ಕಿವಿಯಲ್ಲಿ ಉಳಿಯಿತು. ಹೆದರುವ ಒಬ್ಬರು ಹಿಂದೆ ಸರಿದರೆ ಅದು ಸ್ವಭಾವ. ಪ್ರಾಣ ತಿನ್ನುತ್ತಿದ್ದವನೂ ಅದೇ ಬೆಳಿಗ್ಗೆ ಹಿಂದೆ ಸರಿದರೆ ಅದು ಬೇರೇನೋ. ಅವಳು ಲ್ಯಾಪ್‌ಟಾಪ್ ತೆರೆದಳು.

ಅತ್ತೆಯ ಹೆಸರಿನ ಮುಂದೆ ಆ ಬೆಳಿಗ್ಗೆ ಎರಡು ಉತ್ತರಗಳಿದ್ದವು. ಮೊದಲು ‘ಬರುತ್ತೇನೆ’, ಅದರ ಬೆನ್ನಿಗೇ ‘ಬರುವುದಿಲ್ಲ’. ಎರಡೂ ಮೇಲ್ ಹೋದ ನಿಮಿಷದಲ್ಲೇ ಬಂದಿದ್ದವು.

“ನೋಡಿ ಇಲ್ಲಿ,” ಎಂದು ಗಂಡನನ್ನು ಕರೆದಳು. “ಬರ್ತೀನಿ ಅಂತಾನೂ ಇದೆ, ಬರಲ್ಲ ಅಂತಾನೂ ಇದೆ.”

“ಅಮ್ಮನೇ, ಅನುಮಾನವೇ ಇಲ್ಲ. ಸೀರೆ ಅಂಗಡೀಲೂ ಹೀಗೇ ಮಾಡ್ತಾಳೆ.”

“ತಮಾಷೆ ಬಿಡಿ. ಅತ್ತೆಗೆ ಮೇಲ್ ತೆಗೆಯೋಕೇ ಎರಡು ನಿಮಿಷ ಬೇಕು. ಫೋನು ಒಂದೊಂದು ಸಾಲೂ ಓದಿ ಹೇಳಬೇಕು, ಆಮೇಲೆ ಲಿಂಕ್ ಹುಡುಕಬೇಕು. ಕಣ್ಣು ನೆಟ್ಟಗಿರೋ ನಾನೇ ಇಷ್ಟು ಬೇಗ ಎರಡೂ ಒತ್ತಲಾರೆ.”

ಸೊಸೆ ಹೋಗಿ ಕೋಣೆಯ ಬಾಗಿಲು ತಟ್ಟಿದಳು.

“ಅತ್ತೆ, ನಿಮ್ಮ ಫೋನ್ ಒಂದ್ಸಲ ಕೊಡ್ತೀರಾ?”

“ಕೊಡಲ್ಲ. ಆರೋಪಿ ಕೈಲಿರೋ ವಸ್ತು. ಮುಟ್ಟಿದ್ರೆ ಸಾಕ್ಷಿ ಕೆಟ್ಟುಹೋಗುತ್ತೆ.”

“ಸರಿ, ನೀವೇ ಇಟ್ಕೊಳ್ಳಿ. ಆಸ್ಪತ್ರೆ ಮೇಲ್ ಒಂದು ಸಲ ಓದಿಸಿ. ನಾನು ಇಲ್ಲಿಂದಲೇ ಕೇಳ್ತೀನಿ.”

ಒಳಗೆ ಅತ್ತೆ ಫೋನ್ ತಡಕುವ ಸದ್ದಾಯಿತು. ಬಳಿಕ ಫೋನಿನ ಧ್ವನಿ, ಯಾವ ಭಾವವೂ ಇಲ್ಲದೆ, ಓದತೊಡಗಿತು: “ಹೊಸ ಮೇಲ್. ಇನ್ನೂ ತೆರೆದಿಲ್ಲ.” ಅತ್ತೆ ಅದನ್ನು ತೆರೆದರು. “ಈ ಸಂದೇಶದಲ್ಲಿರುವ ಎರಡು ಲಿಂಕ್‌ಗಳನ್ನು ಕಚೇರಿಯ ಭದ್ರತಾ ವ್ಯವಸ್ಥೆ ತೆರೆದು ಪರಿಶೀಲಿಸಿದೆ. ಅಪಾಯವಿಲ್ಲ. ಮಾನ್ಯರೇ, ಇಂದು ನಿಮ್ಮ ಶಸ್ತ್ರಚಿಕಿತ್ಸೆ…”

“ನಿಲ್ಲಿಸಿ ಅತ್ತೆ! ಮೊದಲನೇ ಸಾಲು ಇನ್ನೊಂದ್ಸಲ!”

ಅತ್ತೆಯ ಇಮೇಲ್ ವಿಳಾಸ ಅವರ ಹಳೆಯ ವಿಮೆ ಕಚೇರಿಯದು. ನಿವೃತ್ತರೂ ಅದನ್ನು ಇಟ್ಟುಕೊಳ್ಳಬಹುದಿತ್ತು. ಹೊರಗಿನಿಂದ ಮೋಸದ ಮೇಲ್‌ಗಳು ಬರುತ್ತಿವೆಯೆಂದು ಕಚೇರಿ ಇತ್ತೀಚೆಗೆ ಹೊಸ ಕಾವಲು ಹಾಕಿತ್ತು. ಬಂದ ಮೇಲ್‌ನಲ್ಲಿರುವ ಪ್ರತಿಯೊಂದು ಲಿಂಕನ್ನೂ ಆ ಕಾವಲು ವ್ಯವಸ್ಥೆ ತಾನೇ ಮೊದಲು ತೆರೆದು ನೋಡಿ, ಅಪಾಯವಿಲ್ಲದಿದ್ದರೆ ಮಾತ್ರ ಒಳಗೆ ಬಿಡುತ್ತಿತ್ತು. ತೆರೆಯುವುದು ಮೇಲಿನಿಂದ ಕೆಳಕ್ಕೆ. ಮೊದಲು ‘ಬರುತ್ತೇನೆ’, ಆಮೇಲೆ ‘ಬರುವುದಿಲ್ಲ’.

ಆದರೆ ತೆರೆದು ನೋಡಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ರದ್ದಾಗಬೇಕೇಕೆ? ಸೊಸೆ ತಾನು ಬರೆದ ಕೋಡ್‌ಗೆ ಹೋದಳು. ಅವಳು ಬಳಸುತ್ತಿದ್ದ ವೆಬ್ ಫ್ರೇಮ್‌ವರ್ಕ್, ಎಂದರೆ ವೆಬ್‌ಸೈಟ್ ಕಟ್ಟುವ ಸಿದ್ಧ ಚೌಕಟ್ಟು, ಹೊರಗಿನಿಂದ ಬರುವ ಮಾಹಿತಿಯನ್ನು ಎರಡು ಬುಟ್ಟಿಗಳಲ್ಲಿ ಬೇರೆಬೇರೆಯಾಗಿ ಇಟ್ಟುಕೊಡುತ್ತದೆ. ವಿಳಾಸದ ತುದಿಗೆ, ಪ್ರಶ್ನಾರ್ಥಕ ಚಿಹ್ನೆಯ ಆಚೆ, ಅಂಟಿಕೊಂಡು ಬಂದದ್ದು ಒಂದರಲ್ಲಿ. ಜನ ಫಾರ್ಮ್ ತುಂಬಿ, ಬಟನ್ ಒತ್ತಿ ಸಲ್ಲಿಸಿದ್ದು ಇನ್ನೊಂದರಲ್ಲಿ. ಮೊದಲನೆಯದು ಏನನ್ನಾದರೂ ತೋರಿಸಿ ಎಂದು ಕೇಳುವುದಕ್ಕೆ, ಎರಡನೆಯದು ಏನನ್ನಾದರೂ ಬದಲಿಸಿ ಎಂದು ಹೇಳುವುದಕ್ಕೆ. ಜೊತೆಗೆ, ಅನುಕೂಲಕ್ಕಿರಲಿ ಎಂದು, ಎರಡನ್ನೂ ಒಟ್ಟಿಗೆ ಸುರಿದ ಮೂರನೆಯ ಬುಟ್ಟಿಯೂ ಇದೆ.

ಸೊಸೆ ಉತ್ತರವನ್ನು ಓದಿಕೊಳ್ಳುತ್ತಿದ್ದದ್ದು ಮೂರನೆಯ ಬುಟ್ಟಿಯಿಂದ. ಲಿಂಕಿನ ತುದಿಯಲ್ಲಿ ‘ಉತ್ತರ: ಇಲ್ಲ’ ಎಂದು ನೇತಾಡುತ್ತಾ ಬಂದರೂ ಸರಿ, ಒಬ್ಬ ಮನುಷ್ಯ ಯೋಚಿಸಿ ಬಟನ್ ಒತ್ತಿ ಕಳಿಸಿದರೂ ಸರಿ, ಅವಳ ಕೋಡಿಗೆ ಎರಡೂ ಒಂದೇ. ರೋಗಿಗೆ ಒಂದು ಒತ್ತು ಉಳಿಯಲಿ ಎಂದು ಹಾಗೆ ಮಾಡಿದ್ದಳು.

ಅವಳ ಮುಖ ಬಿಸಿಯಾಯಿತು. ಎದ್ದು ಕೋಣೆಯ ಬಾಗಿಲಿಗೇ ಹೋದಳು.

“ಅತ್ತೆ, ನೀವು ಒತ್ತಿಲ್ಲ.”

“ಅದನ್ನ ನಾನು ಆಗಲೇ ಹೇಳಿದ್ದೆ.”

“ನನ್ನ ತಪ್ಪು. ನಿಮ್ಮ ಕಚೇರಿಯ ಕಾವಲು ಲಿಂಕ್ ತೆಗೆದು ನೋಡಿದೆ. ನನ್ನ ಪ್ರೋಗ್ರಾಂ ಅದನ್ನೇ ನಿಮ್ಮ ಉತ್ತರ ಅಂದ್ಕೊಂಡಿದೆ.”

ಬಾಗಿಲು ಅರ್ಧ ತೆರೆಯಿತು. “ಅಂದ್ರೆ, ಮನೆ ಸುಭದ್ರವಾಗಿದೆಯಾ ಅಂತ ಬಾಗಿಲು ತಟ್ಟಿ ನೋಡಿದ ಕಾವಲುಗಾರನ ಹೆಸರಿಗೆ ನೀನು ಮನೇನೇ ಬರೆದುಕೊಟ್ಟಿದ್ದೀಯ.”

“ಹಾಗೇ ಅಂದ್ಕೊಳ್ಳಿ.”

“ಬಾಯಿಮಾತಾಯ್ತು. ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ಅಂತ ಏನು ಗ್ಯಾರಂಟಿ? ರುಜುವಾತು ಎಲ್ಲಿ?”

ರುಜುವಾತನ್ನು ಊಟದ ಮೇಜಿನ ಮೇಲೆ ಏರ್ಪಡಿಸಲಾಯಿತು. ಎಂಟೂಕಾಲು ಆಗಿತ್ತು. ಗಡಿಯಾರ ಮೇಡಂ ಅವರನ್ನು ವಿಡಿಯೋ ಕರೆಗೆ ಕರೆದು, ಮಗನ ಫೋನನ್ನು ನೀರಿನ ಜಗ್ಗಿಗೆ ಆನಿಸಿ ನಿಲ್ಲಿಸಿದರು. ಅತ್ತೆಯ ಫೋನು ಮೇಜಿನ ನಟ್ಟನಡುವೆ, ಯಾರ ಕೈಗೂ ಎಟುಕದಂತೆ. ಸೊಸೆ ಅತ್ತೆಯ ಅದೇ ವಿಳಾಸಕ್ಕೆ ‘ಪರೀಕ್ಷಾ ರೋಗಿ’ ಎಂಬ ಸುಳ್ಳು ಹೆಸರಿನಲ್ಲಿ ಒಂದು ಶಸ್ತ್ರಚಿಕಿತ್ಸೆ ಸೃಷ್ಟಿಸಿ, ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು. ಹೆಸರಿನ ಮುಂದೆ ‘ಉತ್ತರ ಬಾಕಿ’ ಎಂದಿತ್ತು.

“ಎಲ್ಲರೂ ಕೈ ಮೇಲೆತ್ತಿ,” ಎಂದರು ಅತ್ತೆ. “ನೀನೂ ಕಣೋ.”

“ನಾನ್ಯಾಕಮ್ಮ?”

“ಆಮೇಲೆ ನಿನ್ನ ಬೆರಳು ತಾಗಿತು ಅಂತ ಯಾರಾದ್ರೂ ಹೇಳಿದ್ರೆ ನಿನಗೆ ಬೇಜಾರಾಗಬಾರದಲ್ಲ.”

ಮಗ ಕೈ ಎತ್ತಿದ. ಅತ್ತೆಯೂ ಎತ್ತಿದರು. ಪರದೆಯಲ್ಲಿ ಗಡಿಯಾರ ಮೇಡಂ ಕೂಡ, ಅಭ್ಯಾಸಬಲದಿಂದಲೋ ಏನೋ, ಒಂದು ಕೈ ಎತ್ತಿದರು. ಸೊಸೆ ಮೇಲ್ ಕಳಿಸಿ, ತಾನೂ ಕೈಯೆತ್ತಿ ಹಿಂದೆ ಸರಿದಳು.

ಉತ್ತರ ಬಾಕಿ. ಫ್ರಿಜ್ಜು ಗುಂಯ್ಗುಡುತ್ತಿತ್ತು. ಉತ್ತರ ಬಾಕಿ. ಮಗನ ಬಾಯಿಂದ “ಏನೂ ಆಗ್ತಾ ಇಲ್ವಲ್ಲೇ” ಎಂಬ ಮಾತು ಹೊರಡುವಷ್ಟರಲ್ಲಿ ಅಕ್ಷರಗಳು ಬದಲಾದವು. ‘ಬರುತ್ತಾರೆ.’ ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಬದಲಾದವು. ‘ರದ್ದು.’

ಮೇಜಿನ ನಡುವಿದ್ದ ಫೋನು ‘ಟಿಂಗ್’ ಎಂದದ್ದು ಅದಾದ ಮೇಲೆ. ರದ್ದಾದ ಮೇಲಷ್ಟೇ ಮೇಲ್ ಮನೆ ತಲುಪಿತ್ತು.

“ಏನಾಯ್ತು? ನನಗೆ ಕಾಣಲ್ಲ, ಯಾರಾದ್ರೂ ಹೇಳಿ,” ಎಂದರು ಅತ್ತೆ, ಕೈ ಇನ್ನೂ ಮೇಲೆಯೇ ಇತ್ತು.

“ರದ್ದಾಯ್ತಮ್ಮಾ,” ಎಂದ ಮಗ. ಅವನ ದನಿ ಕುಗ್ಗಿತ್ತು. “ಯಾರೂ ಮುಟ್ಟಲಿಲ್ಲ. ತಾನಾಗೇ ರದ್ದಾಯ್ತು. ತಪ್ಪಾಯ್ತಮ್ಮಾ.”

“ಜೋರಾಗಿ ಹೇಳು. ಆಸ್ಪತ್ರೆಯವರಿಗೂ ಕೇಳಿಸ್ಲಿ.”

“ತಪ್ಪಾಯ್ತು! ಅಮ್ಮ ಒತ್ತಿಲ್ಲ!”

“ಅರ್ಜಿ ಮಂಜೂರು.” ಅತ್ತೆ ಕೈ ಇಳಿಸಿದರು.

ಗಡಿಯಾರ ಮೇಡಂ ತಮ್ಮ ಪಟ್ಟಿಯಲ್ಲಿ ಇಮೇಲ್ ವಿಳಾಸಗಳನ್ನು ನೋಡಿದರು. ಬಳಿಕ, “ಮಿಕ್ಕಿಬ್ಬರ ವಿಳಾಸವೂ ಕಚೇರಿಗಳದ್ದೇ. ಅಯ್ಯೋ, ಆ ಮನುಷ್ಯನಿಗೆ ನಾನು ಚೆನ್ನಾಗಿ ಬೈದಿದ್ದೀನಿ,” ಎಂದರು. ಆದರೂ ನಿಯಮ ಬಿಡಲಿಲ್ಲ. ಮಗನೂ ಸೊಸೆಯೂ ಕೋಣೆಯಿಂದ ಹೊರಗೆ ಹೋಗಬೇಕು, ಅತ್ತೆಯ ಜೊತೆ ತಾವೊಬ್ಬರೇ ಮಾತಾಡಬೇಕು ಎಂದರು.

ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತರು. ಒಲೆಯ ಮೇಲಿನ ಹಾಲು ಯಾವಾಗಲೋ ಉಕ್ಕಿ ಆರಿತ್ತು. ಸೊಸೆ ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು.

“ಬರಲ್ಲ ಅಂದ್ರೆ?” ಎಂದಳು.

“ಅನ್ನಲ್ಲ.”

“ಅಷ್ಟು ಖಾತ್ರಿ ಹೇಗೆ?”

“ಖಾತ್ರಿ ಏನಿಲ್ಲ. ಈ ಸಲ ಅವಳು ಏನು ಹೇಳಿದ್ರೂ ನಂಬ್ತೀನಿ, ಅಷ್ಟೇ.”

ಎಂಟೂ ನಲವತ್ತಕ್ಕೆ ಅತ್ತೆ ಕೂಗಿದರು. “ಏನೋ, ಪೆಟ್ರೋಲ್ ಹಾಕ್ಸಿದ್ಯಾ ಇಲ್ವಾ? ಅಲ್ಲಿ ಹತ್ತೂವರೆಗೆ ಇರಬೇಕಂತೆ. ಎರಡು ಕಾಲಿಗೂ ಬೂಟು ಹಾಕ್ಕೊಂಡು ಹೋಗು.”

ಸೊಸೆ ಗೋಡೆಗೆ ಒರಗಿ ನಿಂತಳು. ಕೈಯಲ್ಲಿನ ಒದ್ದೆ ಬಟ್ಟೆಯಿಂದ ಹಾಲು ತೊಟ್ಟಿಕ್ಕುತ್ತಿದ್ದದ್ದು ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೆ ಬಂತು.

ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಕುಳಿತಿದ್ದರು. ಸೊಸೆಯ ತೊಡೆಯ ಮೇಲೆ ಲ್ಯಾಪ್‌ಟಾಪ್. ಮರುದಿನದ ಮೇಲ್‌ಗಳು ಹೋಗದಂತೆ ಮನೆ ಬಿಡುವ ಮೊದಲೇ ತಡೆದಿದ್ದಳು. ಉಳಿದದ್ದನ್ನು ಆಸ್ಪತ್ರೆಯಲ್ಲಿ ಕುಳಿತು ಸರಿಪಡಿಸಬೇಕಿತ್ತು.

“ನಿಜ ಹೇಳ್ಲಾ?” ಎಂದರು ಅತ್ತೆ, ಮುಂದಿದ್ದ ಮಗನಿಗೆ ಕೇಳದಂತೆ. “ರದ್ದಾಗಿದೆ ಅಂತ ಅವನು ಕೂಗಿದಾಗ ಒಂದು ಕ್ಷಣ ಹಾಯೆನಿಸ್ತು. ಹೋಗೋದು ತಪ್ಪಿತಲ್ಲ ಅಂತ.”

ಸೊಸೆ ತಿರುಗಿ ನೋಡಿದಳು.

“ಅದಕ್ಕೇ ಅಷ್ಟು ಕೋಪ ಬಂದಿದ್ದು. ಮಾಡಿಲ್ಲ ಅನ್ನೋದು ನಿಜ, ಮಾಡೋ ಮನಸ್ಸು ಒಳಗೆಲ್ಲೋ ಇತ್ತು ಅನ್ನೋದೂ ನಿಜ. ನಿಮ್ಮ ಮೇಲೆ ರೇಗಿದ್ದು ಅರ್ಧ, ನನ್ನ ಮೇಲೇ ರೇಗಿದ್ದು ಅರ್ಧ.”

“ಈಗ?”

“ಈಗ ಅಷ್ಟು ಜಗಳ ಆಡಿ ಗೆದ್ದಿದ್ದೀನಿ. ಇನ್ನು ಗೇಟಿಂದ ವಾಪಸು ಬಂದ್ರೆ ನಿನ್ನ ಗಂಡ ನನ್ನನ್ನ ಬದುಕೋಕೆ ಬಿಡ್ತಾನಾ?”

ಗೇಟು ಬಂದಾಗ ಅವರು ಸೊಸೆಯ ತೋಳು ಹಿಡಿದು ಇಳಿದರು. ಹಿಡಿತ ಬಿಗಿಯಾಗಿತ್ತು. ಆದರೆ ಗಾಡಿ ತಿರುಗಿಸು ಎನ್ನಲಿಲ್ಲ.

ಶಸ್ತ್ರಚಿಕಿತ್ಸೆ ಎರಡು ಗಂಟೆಗೆ ಶುರುವಾಯಿತು. ಸೊಸೆ ಹೊರಗಿನ ಉದ್ದ ಬೆಂಚಿನ ಮೇಲೆ, ಗೋಡೆಯ ಪ್ಲಗ್ಗಿನ ಪಕ್ಕದ ಜಾಗ ಹಿಡಿದು ಕೋಡ್ ತಿದ್ದಿದಳು. ಮೇಲ್‌ನಲ್ಲಿ ಇನ್ನು ಒಂದೇ ಲಿಂಕ್. ಅದನ್ನು ತೆರೆದರೆ ಒಂದು ಪುಟ ಕಾಣುತ್ತದೆ, ಏನೂ ಬದಲಾಗುವುದಿಲ್ಲ. ಪುಟದಲ್ಲಿ ಎರಡು ಬಟನ್‌ಗಳಿವೆ. ಒಂದನ್ನು ಒತ್ತಿ ಸಲ್ಲಿಸಿದರೆ ಮಾತ್ರ ಉತ್ತರ. ಕೋಡು ಈಗ ಆ ಎರಡನೆಯ ಬುಟ್ಟಿಯನ್ನು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ. ಮುಗಿಸಿ, ಅತ್ತೆಯ ವಿಳಾಸಕ್ಕೇ ಮತ್ತೊಂದು ಪರೀಕ್ಷಾ ಮೇಲ್ ಕಳಿಸಿದಳು. ಅತ್ತೆಯ ಫೋನು ಮಗನ ಜೇಬಿನಲ್ಲಿತ್ತು. ಅದು ‘ಟಿಂಗ್’ ಎಂದಾಗ ಇಬ್ಬರೂ ಪರದೆಯ ಕಡೆ ಬಗ್ಗಿದರು.

ಉತ್ತರ ಬಾಕಿ.

“ಕಾವಲುಗಾರ ಬಂದಿದ್ನಾ?” ಮಗ ಕೇಳಿದ.

“ಬಂದಿದ್ದ. ನೋಡ್ದ. ಹೋದ.”

ಅವನು ಬೆಂಚಿಗೆ ಒರಗಿ ಉದ್ದಕ್ಕೆ ಕಾಲು ಚಾಚಿದ. ಎದುರು ಸಾಲಿನಲ್ಲಿ, ಬೆಳಿಗ್ಗೆ ಬೈಸಿಕೊಂಡಿದ್ದ ಮನುಷ್ಯ ತನ್ನ ಸರದಿಗಾಗಿ ಕುಳಿತಿದ್ದ. ಗಡಿಯಾರ ಮೇಡಂ ಅವನಿಗೆ ತಾವೇ ಒಂದು ಲೋಟ ನೀರು ತಂದುಕೊಟ್ಟು ಹೋದರು.

ಮೂರೂವರೆ ಹೊತ್ತಿಗೆ ವೈದ್ಯರು ಹೊರಗೆ ಬಂದು, ಹೊಲಿಗೆ ಚೆನ್ನಾಗಿ ಕೂತಿದೆ, ದೃಷ್ಟಿ ನಿಧಾನವಾಗಿ ಬರುತ್ತದೆ, ಅವಸರ ಬೇಡ ಎಂದರು. “ಒಳಗೆ ಮಲಗಿಕೊಂಡೇ ನೀವು ವಿಮೆ ಮಾಡಿಸಿದ್ದೀರಾ ಅಂತ ನನ್ನನ್ನ ವಿಚಾರಿಸ್ತಿದ್ರು ನಿಮ್ಮ ತಾಯಿ,” ಎಂದೂ ಸೇರಿಸಿದರು.

ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆಗೆ ಕಿಟಕಿಯ ಬೆಳಕೂ, ಅದಕ್ಕೆ ಅಡ್ಡ ನಿಂತ ಮಗನ ಆಕಾರವೂ ಕಂಡವು. “ಆ ಕಡೆ ಸರಿಯೋ,” ಎಂದರು.

ತಪಾಸಣೆಯ ದಿನ ಗೊತ್ತುಮಾಡುವ ಮೇಲ್ ಮುಂದಿನ ವಾರ ಬಂತು. ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು, ಲಿಂಕ್ ತೆರೆದು, ‘ಬರುತ್ತೇನೆ’ ಎಂಬ ಬಟನನ್ನು ತಾವೇ ಒತ್ತಿದರು. ಅವರ ಹೆಸರಿನ ಮುಂದೆ ಈ ಸಲ ಒಂದೇ ಉತ್ತರ ದಾಖಲಾಯಿತು.